ಬೆನ್ನಿಲ್ಲದ ಕೋಟು, ಕಣ್ಣು ತೆರೆಯದ ಫೋಟೋ ಮಾಸ್ತರ

ಮನುಷ್ಯಾನ್ನ ಕುರ್ಚಿ ಮ್ಯಾಲ ಕುಂದರಸಿ "ಅಲುಗಾಡಬ್ಯಾಡ್ರಿ" ಅಂದ್ರ ಸಾಕು, ಏನರ ಒಂದು ಆಗೇ ತೀರತೈತಿ. ಸುಮ್ಮನಿದ್ದ ಮೂಗು ತುರಸತೈತಿ. ವರ್ಷಗಟ್ಟಲೆ ಬರದ ಸೀನು ಅವತ್ತ ಬರತೈತಿ. ಮಾತು ಬಿಟ್ಟ ಅಣ್ಣತಮ್ಮರು ಸರಿಯಾಗಿ ಅದೇ ಹೊತ್ತಿನ್ಯಾಗ ಜಗಳ ತೆಗೀತಾರ. ಚಿಕ್ಕೋಡಿ ಬಸ್ ಸ್ಟ್ಯಾಂಡ್ ಹಿಂದಿನ ಓಣ್ಯಾಗ ಅರವತ್ತು ವರ್ಷ ನಾ ಫೋಟೋ ಸ್ಟುಡಿಯೋ ನಡಿಸೇನಿ. ನಿಪ್ಪಾಣಿಗೆ ಹೋಗ್ರಿ, ರಾಯಬಾಗಕ್ಕ ಹೋಗ್ರಿ, ಅಥಣಿ, ಕಾಗವಾಡ ಎಲ್ಲಿ ಬೇಕಾದಲ್ಲಿ ಹೋಗ್ರಿ, ಗ್ವಾಡಿ ಮ್ಯಾಲ ಹಾರ ಹಾಕ್ಕೊಂಡು ನಿಂತ ಹಿರ್ಯಾರು ನನ್ನ ನೋಡಿದ ಕೂಡಲೆ ಗುರುತು ಹಿಡೀತಾರ. ಯಾಕಂದ್ರ ಅವರು ಕಡೀಕ ನೆಟ್ಟಗ ಕುಂತು ನೋಡಿದ್ದು ನನ್ನ ಮಾರಿನ.

ನಾ ಸಾಲಿ ಮೆಟ್ಟಲ ಹತ್ತಿದಾಂವ ಅಲ್ಲ. ಅಕ್ಷರ ಕಲಿತಿದ್ದು ಫೋಟೋ ಲಕೋಟಿ ಮ್ಯಾಲಿನ ಹೆಸರು ಓದಿ. ಆದ್ರ ಒಂದು ಮಾತು ಎದಿ ತಟ್ಟಿ ಹೇಳತೀನಿ: ನನ್ನ ಅಂಗಡಿ ಬಾಗಿಲ ದಾಟಿ ಹೋದ ಫೋಟೋದಾಗ ಕಣ್ಣು ಮುಚ್ಚಿದಾಂವ ಒಬ್ಬನೂ ಇಲ್ಲ. ಒಂದ ಹುಡುಗಿ ಬಿಟ್ಟು. ಆಕಿ ಸುದ್ದಿ ಮುಂದ ಹೇಳತೀನಿ.

ಇಂಥ ನನ್ನ ಮನಿ ಪಡಸಾಲ್ಯಾಗ ಹೋದ ತಿಂಗಳ ತನಕ ಒಂದು ಮೊಳಿ ಖಾಲಿ ಇತ್ತು. ಎಡಕ್ಕ ನಮ್ಮಪ್ಪ, ಬಲಕ್ಕ ನಮ್ಮವ್ವ, ನಡುವ ಆ ಮೊಳಿ. ನನ್ನ ಹೆಂಡತಿ ತನ್ನ ಕೈಲೆ ಬಡದದ್ದು, ನನ್ನ ಸಲುವಾಗಿ. "ನೀವು ಹೋಗ್ರಿ, ಇರ್ರಿ, ಅದು ನಿಮ್ಮ ಖುಷಿ. ಫೋಟೋ ಮಾತ್ರ ತಯಾರ ಇರಬೇಕು" ಅಂತಿದ್ದಳು. ತಯಾರ ಮಾಡಬೇಕಂದ್ರ ಒಂದ ತೊಡಕು. ನನ್ನ ಮುಂದ ಕ್ಯಾಮೆರಾ ಹಿಡದ್ರ ನನ್ನ ಕಣ್ಣು ಮುಚ್ಚತಾವ. ಮದುವಿ ಫೋಟೋದಾಗ ಸೈತ ಹೆಂಡತಿ ಕಣ್ಣು ಎರಡು ದೀಪ ಹಚ್ಚಿಟ್ಟಂಗ ಅದಾವ, ಬಾಜೂಕ ನಾ ನಿದ್ದಿ ಹೊಡ್ಯಾಕತ್ತೀನಿ.

ಆ ಮೊಳಿ ಹೆಂಗ ತುಂಬಿತು ಅನ್ನೂದು ಕಡೀಕ ಹೇಳತೀನಿ. ಮೊದಲ ಕೋಟಿನ ಸುದ್ದಿ ಕೇಳ್ರಿ.

೧. ಬೆನ್ನಿಲ್ಲದ ಕೋಟು

ನನ್ನ ಗುರು ಎರಡನೇ ಮಹಾಯುದ್ಧಕ್ಕ ಹೋಗಿ ಬಂದಾಂವ. ಬರೂವಾಗ ಒಂದು ಕ್ಯಾಮೆರಾ, ಒಂದು ಕೋಟು ತಂದಿದ್ದ. ಎರಡನ್ನೂ ಒಬ್ಬ ಗೋರಾ ಸಾಹೇಬ ಖುಷಿಯಿಂದ ಕೊಟ್ಟ ಅಂತಿದ್ದ. ಸಾಹೇಬ ಖುಷಿ ಆಗಿದ್ನೋ ಮಲಗಿದ್ನೋ, ನಾವ್ಯಾರೂ ಕೇಳಲಿಲ್ಲ.

ಆ ಕಾಲಕ್ಕ ಕನ್ಯಾ ನೋಡೂದಕ್ಕ ಮೊದಲ ವರನ ಫೋಟೋ ಕಳಸೂ ಪದ್ಧತಿ ಸುರು ಆಗಿತ್ತು. ಫೋಟೋದಾಗ ಕೋಟು ಬೇಕಾ ಬೇಕು. ಕೋಟು ಒಂದ, ವರಗಳು ನೂರು. ದಪ್ಪ ಇದ್ದವರಿಗೂ ಆಗಬೇಕು, ತೆಳ್ಳಗ ಇದ್ದವರಿಗೂ ಆಗಬೇಕು. ಅದಕ್ಕ ಗುರು ಏನ್ ಮಾಡಿದ, ಕಾಲರಿನಿಂದ ತಳದ ತನಕ ಕೋಟಿನ ಬೆನ್ನು ಕತ್ತರಿಸಿ ನಾಲ್ಕು ಲಾಡಿ ಹಚ್ಚಿಬಿಟ್ಟ. ಮುಂದಿನಿಂದ ನೋಡಿದ್ರ ಬ್ಯಾರಿಸ್ಟರ, ಹಿಂದಿನಿಂದ ನೋಡಿದ್ರ ಕೂಸಿನ ಝಬಲಾ.

ಒಂದಿನ ರಾಯಬಾಗ ಕಡೆ ಕಬ್ಬಿನ ಜಮೀನದಾರನ ಮಗ ಬಂದ. ಅಂಗಿ ಬಿಚ್ಚಿ, ಜಾಳಜಾಳ ಬನಿಯನ್ ಮ್ಯಾಲ ಕೋಟು ಏರಿಸಿ, ಹತ್ತೂ ಹತ್ತಕ್ಕ ನಿಂತ ನಮ್ಮ ಸ್ಟುಡಿಯೋದ ಗಡಿಯಾರ ಕೈಗೆ ಕಟಗೊಂಡು ಫೋಟೋ ತೆಗಸಿದ. ಎದ್ದು ಬಾಗಿಲಾಗ ಇಣುಕಿ ನೋಡ್ತಾನ, ಎದುರಿನ ಚಾ ಹೋಟೆಲಿನ್ಯಾಗ ಕನ್ಯಾದ ಅಪ್ಪ, ಕಾಕಾ ಇಬ್ಬರೂ ಕುಂತಾರ. ಸಂತಿಗೆ ಬಂದಿದ್ರಂತ.

"ಮಾಸ್ತರ, ಅಲ್ಲಿ ನಮ್ಮ ಆಗೂ ಮಾವ ಕುಂತಾರ. ಈ ಕೋಟಿನ್ಯಾಗ ಒಂದ ಸಲ ದರ್ಶನ ಕೊಟ್ಟ ಬರತೀನ್ರಿ."

"ಲೇ, ಹಿಂದ ಬೆನ್ನಿಲ್ಲ ಅದಕ್ಕ."

"ನಾ ಹಿಂದ ತಿರಗಾಂಗಿಲ್ರಿ."

ಹೋದ. ನಮಸ್ಕಾರ ಮಾಡಿದ. ಕುಂತು ಚಾ ಕುಡದ. ಅವರು ಕೋಟು ನೋಡಿದ್ರು, ಗಡಿಯಾರ ನೋಡಿದ್ರು. ನಾ ಬಾಗಿಲಾಗ ನಿಂತು ನೋಡಾಕತ್ತೀನಿ. ಹೊರಡೂ ಹೊತ್ತು ಬಂತು. ಆ ಹುಡುಗ ಎದ್ದು ಎರಡೂ ಕೈ ಜೋಡಿಸಿ, ಮಾರಿ ಅವರ ಕಡೆ ಇಟ್ಟು, ಹಿಂದ್ಹಿಂದ ನಡ್ಯಾಕ ಸುರು ಮಾಡಿದ. ಒಂದು ಬೆಂಚು ಕೆಡವಿದ. ಹೊಸ್ತಿಲ ದಾಟಿದ. ಬಸ್ಸು ಹಾರ್ನ್ ಹೊಡೀತು, ಟಾಂಗಾದಾಂವ ಬೈದ, ಈಂವ ಕೈ ಬಿಚ್ಚಲಿಲ್ಲ, ಮಾರಿ ತಿರುವಲಿಲ್ಲ. ಸೀದಾ ನನ್ನ ಎದಿಗೆ ಬಂದು ಬಡದ.

ಕನ್ಯಾದ ಅಪ್ಪಗ ಕಣ್ಣಾಗ ನೀರ ಬಂದಿದ್ದವು. "ಎಂಥಾ ಸಂಸ್ಕಾರ ನೋಡ್ರಿ. ಹಿರ್ಯಾರಿಗಿ ಬೆನ್ನು ತೋರಸಲಿಲ್ಲ ಹುಡುಗ" ಅಂತ ಅಲ್ಲೇ ಮಾತು ಮುಗಿಸಿದ.

ಮದುವಿ ಆತು. ಆ ಮ್ಯಾಲ ಪ್ರತಿ ಹಬ್ಬಕ್ಕ ಮಾವನ ಮನಿಯಿಂದ ಈಂವ ಹೊರಗ ಬರೂದು ಹಂಗನ. ಇಲ್ಲಾಂದ್ರ ಸಂಸ್ಕಾರ ಕೆಡತೈತಿ. ಒಮ್ಮೆ ಆಕಳ ಕರುವಿನ ಮ್ಯಾಲ ಬಿದ್ದ, ಒಮ್ಮೆ ದನಕ್ಕ ನೀರಿಡೂ ಬಾನಿಯೊಳಗ ಕುಂತ. ಮುಂದ ವಯಸ್ಸಾಗಿ ಮಾವ ತೀರಿಕೊಂಡ. ಮಣ್ಣು ಕೊಟ್ಟು ಎಲ್ಲಾರೂ ಹೊಳ್ಳಿ ಬರಾಕತ್ತಿದ್ರು, ಈಂವ ಅಲ್ಲಿಂದಲೂ ಹಿಂದ್ಹಿಂದ ಬರಾಕತ್ತಿದ್ದ.

"ಇನ್ನರ ಸಾಕ ಮಾಡೋ ತಮ್ಮಾ, ನೋಡಾಂವ ಹೋದ" ಅಂದೆ.

"ರೂಢಿ ಆಗೇತ್ರಿ ಮಾಸ್ತರ" ಅಂದ. "ಮುಂದ ನೋಡಿ ನಡದ್ರ ಎಡವತೀನಿ."

೨. ಟಗರಿನ ಕಣ್ಣು

ನಮ್ಮ ಸ್ಟುಡಿಯೋದಾಗ ಒಂದು ಪಡದೆ ಇತ್ತು. ಸಿನಿಮಾ ಬೋರ್ಡು ಬರಿಯೂ ಪೇಂಟರ್ ಒಬ್ಬಾಂವ ಅದರ ಮ್ಯಾಲ ಅರಮನಿ, ಅರಮನಿಗೆ ಏರೂ ಮೆಟ್ಟಲ ಬರದಿದ್ದ. ಮುಗಳಖೋಡದ ಕುರುಬರ ಯಜಮಾನ ಒಬ್ಬ ಕಾಳಗದಾಗ ಗೆದ್ದ ಟಗರು ತಗೊಂಡು ಬಂದ. ಟಗರು ಆ ಮೆಟ್ಟಲ ನೋಡಿ ಹತ್ತಾಕ ಹೋತು. ಎರಡು ಮೆಟ್ಟಲ ಹತ್ತೇಬಿಡ್ತು. ಮೂರನೇದ್ರ ಮ್ಯಾಲ ಪೇಂಟರ್ ಬಣ್ಣ ತೆಳ್ಳಗ ಹಚ್ಚಿದ್ದ, ಅದಕ್ಕ ಜಾರಿ ಬಿತ್ತು. ನಂಬದಿದ್ರ ಬಿಡ್ರಿ, ಪಡದೆ ಮ್ಯಾಲ ಗೊರಸಿನ ಗುರುತು ಇನ್ನೂ ಅದಾವ.

ಯಜಮಾನಗ ರುಮಾಲು ಸರಿಮಾಡಿ ಕುಂದರಸಿದೆ. ಬಾಜೂಕ ಟಗರು. ಟಗರು ಹೆಂಗ ನಿಂತಿತು ಅಂತೀರಿ, ಕುತ್ತಿಗಿ ಎತ್ತಿ, ಉಸಿರ ಹಿಡದು, ಕ್ಯಾಮೆರಾಕ್ಕ ಕಣ್ಣು ಕೊಟ್ಟು. ಯಜಮಾನ ಮಾತ್ರ ಗಪ್ಪನ ಕಣ್ಣು ಮುಚ್ಚಿದ. ನೆಗೆಟಿವ್ ತೊಳದು ನೋಡಿದಾಗ ಗೊತ್ತಾತು. ಆಂವ ಅಷ್ಟೊತ್ತಿಗೆ ಊರು ಮುಟ್ಟಿದ್ದ.

ಅದಕ್ಕೆಲ್ಲಾ ನಾ ಹೆದರಾಂವ ಅಲ್ಲ. ನೆಗೆಟಿವ್ ಮ್ಯಾಲ ಸಣ್ಣ ಪೆನ್ಸಿಲ್ಲಿಲೆ ಕಣ್ಣು ಬರಿಯೂದ್ರಾಗ ನನ್ನ ಹಿಡಿಯೂ ಮನುಷ್ಯಾ ಈ ಐದೂ ತಾಲೂಕಿನ್ಯಾಗ ಹುಟ್ಟಿರಲಿಲ್ಲ. ಆದ್ರ ಅವನ ಕಣ್ಣು ಹೆಂಗಿದ್ದವು ಅನ್ನೂದ ನೆನಪಿಲ್ಲ. ಫೋಟೋದಾಗ ತೆರದು ಇದ್ದದ್ದು ಟಗರಿನ ಕಣ್ಣು. ಅವನ್ನ ನೋಡಿಕೋತ ಬರದೆ. ಮುಗದ ಮ್ಯಾಲ ನೋಡತೀನಿ, ನಾಲ್ಕೂ ಕಣ್ಣು ಒಂದ ತಾಯಿ ಮಕ್ಕಳು.

ಯಜಮಾನ ಬಂದು ಫೋಟೋ ಕೈಯಾಗ ಹಿಡದು ಬಾಳೊತ್ತು ನೋಡಿದ. ನಾ ಹಿಂಬಾಗಿಲ ಕಡೆ ಸರದು ನಿಂತೆ.

"ಮಾಸ್ತರ, ಇಷ್ಟ ದಿನ ಕನ್ನಡ್ಯಾಗ ನೋಡಿಕೊಂಡಿದ್ದೆಲ್ಲಾ ಸುಳ್ಳ ರೀ" ಅಂದ. "ಇದು ಖರೇ ನಾನು."

ಮನಿಗೆ ಒಯ್ದು ಹೆಂಡತಿಗೆ ತೋರಿಸಿದನಂತ. ಆಕಿ ನೋಡಿ, "ಟಗರು ಚೊಲೋ ಬಂದೈತಿ. ಬಾಜೂಕ ಕುಂತ ಅದರ ಅಣ್ಣಾನೂ ಚೊಲೋ ಬಂದಾನ" ಅಂದಳಂತ.

೩. ಹಾರ ಹಾಕಿ ನೋಡಿದ ಆಯಿ

ಅಥಣಿ ಕಡೆ ಅನಂತಪುರದ ಒಬ್ಬಾಕಿ ಆಯಿ, ಅರವತ್ತು ತುಂಬಿದ ವರ್ಷ ಬಂದು ಕುಂತಳು. "ತಮ್ಮಾ, ಗ್ವಾಡಿಗೆ ಹಾಕೂ ಫೋಟೋ ತೆಗಿ. ನಂದಿನ್ನ ಮುಗೀತು" ಅಂದಳು. ತೆಗೆದೆ. ಚೊಲೋ ಬಂತು.

ಹತ್ತು ವರ್ಷಕ್ಕ ಮತ್ತ ಬಂದಳು. "ಅದು ನಡ್ಯಾಂಗಿಲ್ಲೋ. ಅದರಾಗ ನಾ ಭಾಳ ಸಣ್ಣಾಕಿ ಕಾಣತೀನಿ. ಈಗ ಸತ್ರ ಮಂದಿ, ಪಾಪ ಎಳೇ ವಯಸ್ಸು ಅಂತಾರ. ನಾಚಿಕಿ ಆಗತೈತಿ." ಮತ್ತ ತೆಗೆದೆ.

ಮತ್ತ ಹದಿನೈದು ವರ್ಷಕ್ಕ ಕೋಲು ಊರಿಕೋತ ಬಂದಳು. ಆ ಹೊತ್ತಿಗೆ ನನ್ನ ತಲೀನೂ ಬೆಳ್ಳಗಾಗಿತ್ತು. ಕುರ್ಚಿ ಮ್ಯಾಲ ಕುಂತು ನನ್ನ ಕೆಳಗಮ್ಯಾಲ ನೋಡಿದಳು.

"ನಿಂದು ತೆಗಿಸಿಟ್ಟಿಯಿಲ್ಲೋ?"

"ಇಲ್ಲ ಆಯಿ. ಕಣ್ಣು ನಿಲ್ಲವಲ್ಲವು, ಮುಚ್ಚತಾವ."

"ನಿನ್ನ ಮುಂದ ನಾ ಮೂರು ಸಲ ಕಣ್ಣು ಬಿಟ್ಟ ಕುಂತೇನಿ. ನಿನಗ ಒಂದ ಸಲ ಆಗವಲ್ದು? ಹಂಗ ಮುಚ್ಚಿದ್ದ ಗ್ವಾಡಿಗೆ ಹಾಕಿದ್ರ ನೋಡಿದವರು ಏನಂತಾರ? ಸತ್ತ ಮ್ಯಾಲ ತೆಗದಾರ ಅಂತಾರ."

ಆ ಮಾತು ನನ್ನ ಕಲಿಜಾಕ್ಕ ಹತ್ತಿತು. ಊರ ಮಂದಿಗೆಲ್ಲಾ ಸಾಯೂಮೊದಲ ಫೋಟೋ ತೆಗದಾಂವ ನಾನು, ನನಗ ಮಾತ್ರ ಸತ್ತ ಮ್ಯಾಲ ತೆಗದ್ರು ಅನಿಸಿಕೊಂಡ್ರ ಅರವತ್ತು ವರ್ಷದ ಹೆಸರು ಏನ್ ಉಳೀತು?

ಆಯಿ ಫೋಟೋ ಮನಿಗೆ ಒಯ್ದಳು. ಹಾರ ಹಾಕಿದ್ರ ಹೆಂಗ ಕಾಣತೈತಿ ನೋಡೂಣ ಅಂತ ಮಲ್ಲಿಗಿ ಹಾರ ಹಾಕಿ, ಎರಡು ಊದಬತ್ತಿ ಹಚ್ಚಿ, ಹಿತ್ತಲಿಗೆ ನೀರ ತರಾಕ ಹೋದಳು. ಅಷ್ಟರಾಗ ಬಾಜೂ ಮನಿ ಹೆಣ್ಮಕ್ಕಳು ಒಳಗ ಬಂದ್ರು. ನೋಡಿದ್ರು. "ಎವ್ವಾ, ನಮ್ಮನ್ನ ಬಿಟ್ಟು ಹೋದ್ಯಲ್ಲಬೇ" ಅಂತ ಅಲ್ಲೇ ಕುಂತು ಸುರು ಮಾಡಿದ್ರು. ಓಣಿ ಎಲ್ಲಾ ಕೂಡಿತು.

ಆಯಿ ಹಿತ್ತಲದಿಂದ ಬಂದಳು. ಮನಿ ತುಂಬ ಮಂದಿ ಅಳಾಕತ್ತಾರ. ತಂಬಿಗಿ ಇಳಿಸಿ, ಸೆರಗು ಬಾಯಿಗಿಟ್ಟು, ಅವರ ನಡುವ ಕುಂತು ತಾನೂ ಗಟ್ಟಿಯಾಗಿ ಅತ್ತಳು. ಬಾಳೊತ್ತಿನ ಮ್ಯಾಲ ಬಾಜೂದಾಕಿಗೆ ಮೊಣಕೈಲೆ ತಿವಿದು ಕೇಳಿದಳಂತ: "ಹೋದವರು ಯಾರಬೇ?"

೪. ತಲಿಕೆಳಗಿನ ಹುಡುಗಿ

ಈಗ ನನ್ನ ದೊಡ್ಡ ಪರಾಕ್ರಮ ಕೇಳ್ರಿ. ಇದನ್ನ ನಾ ಸ್ಟುಡಿಯೋಕ್ಕ ಬಂದ ಒಬ್ಬೊಬ್ಬರಿಗೂ ಹೇಳೇನಿ. ನನ್ನ ಹೆಂಡತಿ ಚಾ ಕೊಡೂವಾಗ ಹೇಳೇನಿ, ಆಕಿ ಅಪ್ಪನ ಮುಂದ ಹೇಳೇನಿ, ಬೀಗರ ಊಟದಾಗ ಹೇಳೇನಿ.

ಆಗ ನನಗ ಇಪ್ಪತ್ತೈದು. ನಿಪ್ಪಾಣಿ ಬಾಜೂ ಹಳ್ಳಿಯಿಂದ ಒಂದು ಹುಡುಗಿ, ಆಕಿ ಅಪ್ಪ, ಸೋದರತ್ತಿ ಮೂವರು ಬಂದ್ರು. ಕಾಗವಾಡದ ಕಡೆ ಒಂದು ವರ, ಅವರಿಗೆ ಹುಡುಗಿ ಫೋಟೋ ಕಳಸೂದಿತ್ತು. ಬಾವಿ, ಕಬ್ಬು, ಎರಡು ಜೋಡಿ ಎತ್ತು ಇದ್ದ ಮನಿ ಅದು.

ಹಳೇ ಕ್ಯಾಮೆರಾದಾಗ ಕರಿ ಬಟ್ಟಿಯೊಳಗ ತಲಿ ಹಾಕಿದ್ರ ಹಿಂದಿನ ಗಾಜಿನ ಮ್ಯಾಲ ಎದುರಿನ ಮನುಷ್ಯಾ ತಲಿಕೆಳಗ ಕಾಣತಾನ. ಹಂಗಾಗಿ ನನ್ನ ಹೆಂಡತೀನ ನಾ ಮೊದಲನೇ ಸಲ ಕಣ್ಣು ತುಂಬ ನೋಡಿದ್ದು ತಲಿಕೆಳಗ. ಜಡಿ ಮ್ಯಾಲಕ್ಕ ಹೋಗೇತಿ, ಮೂಗುತಿ ಗಲ್ಲದ ಕೆಳಗ ಹೊಳ್ಯಾಕತ್ತೈತಿ. ತಲಿಕೆಳಗ ಇಷ್ಟ ಚಂದ ಇದ್ದಾಕಿ ನೆಟ್ಟಗ ಎಷ್ಟ ಚಂದ ಇರಬೇಕು ಅಂತ ಬಟ್ಟಿಯೊಳಗ ವಿಚಾರ ಮಾಡಕೋತ ನಿಂತೆ.

"ಒಳಗ ಮಲಗಿದಿ ಏನಲೇ?" ಅಂತ ಸೋದರತ್ತಿ ಬೈದ ಮ್ಯಾಲ ನಾ ಹೊರಗ ಬಂದದ್ದು.

ಈ ಹುಡುಗಿ ಕಾಗವಾಡಕ್ಕ ಹೋಗಬಾರದು ಅಂತ ಅಲ್ಲೇ ಠರಾಯಿಸಿದೆ. ಆಕಿ ರೆಪ್ಪಿ ಬಡಿಯೂದನ್ನ ಕಾಯ್ದು, ಸರಿಯಾಗಿ ಮುಚ್ಚಿದ ಗಳಿಗಿಗೆ ಕ್ಯಾಮೆರಾದ ರಬ್ಬರ ಗುಂಡು ಒತ್ತಿದೆ. ರೆಪ್ಪಿ ಬಡಿಯೂದ್ರಾಗ ಫೋಟೋ ಹಿಡಿಯೂದಂದ್ರ ಹಾರೂ ನೊಣದ ಮೂಗು ಹಿಡದಂಗ. ಕೈ ಅಂದ್ರ ಇದು.

ಎಂಟು ದಿನಕ್ಕ ಅಪ್ಪ ಫೋಟೋ ತಗೊಂಡು ಬಂದ. "ಕಣ್ಣು ಮುಚ್ಚ್ಯಾವಲ್ಲೋ." ಮತ್ತ ಹುಡುಗೀನ ಕರಸಿದೆ, ಮತ್ತ ತೆಗೆದೆ, ಮತ್ತ ಮುಚ್ಚಿಸಿದೆ. ಮೂರನೇ ಸಲಾನೂ ಹಂಗನ. ಪೆನ್ಸಿಲ್ ನನ್ನ ಕಿಸೆದಾಗ ಇತ್ತು, ಮುಟ್ಟಲಿಲ್ಲ. ಸೋದರತ್ತಿ ನನ್ನ ಕೈ ಮುರದು ಹೋಗಲಿ ಅಂತ ಹರಸಿ ಹೋದಳು. ಆ ಕಡೆಯವರು ಅವಸರ ಮಾಡಿದ್ರು ಅಂತ ಮೂರೂ ಫೋಟೋ ಇದ್ದಂಗ ಕಳಿಸಿದ್ರು.

ಕಾಗವಾಡದಿಂದ ಉತ್ತರ ಬಂತು: "ಹುಡುಗಿ ಲಕ್ಷಣ ಅದಾಳ. ಆದ್ರ ಮೂರು ಸಲ ನೋಡಿದ್ರೂ ಮಲಗೇ ಇರತಾಳ. ನಮ್ಮನ್ಯಾಗ ಎರಡು ಜೋಡಿ ಎತ್ತು ಅದಾವ, ಇಕಿ ಏಳೂದ್ಯಾವಾಗ?"

ಮುಂದ ನನ್ನ ಗುರು ಹೋಗಿ ನನ್ನ ಸಲುವಾಗಿ ಕೇಳಿದ. ಆಕಿ ಅಪ್ಪ ನನ್ನ ಕರಸಿ, "ನಿನ್ನ ಫೋಟೋದಿಂದನ ಹುಡುಗಿ ಮನ್ಯಾಗ ಉಳದಾಳ. ಇನ್ನ ಬ್ಯಾರೇ ಊರಿಗೆ ಕಳಸಾಕ ನಿನ್ನ ಕಡೆನ ಫೋಟೋ ತೆಗಸಬೇಕು. ಅದರಕಿಂತ ನೀನ ಕರಕೊಂಡ ಹೋಗು" ಅಂದ.

೫. ಮೊಳಿ

ಹೋದ ತಿಂಗಳ ಸುದ್ದಿ. ನನ್ನ ಎಡಗಣ್ಣಿಗೆ ಮಿರಜಿನ್ಯಾಗ ಆಪರೇಶನ್ ಠರಾವ ಆತು. ಹೆಂಡತಿ ಹಟ ಹಿಡದಳು. "ಆಪರೇಶನ್ ಆದ್ರ ಕರಿ ಚಶ್ಮಾ ಹಾಕೋತೀರಿ. ಅದಕ್ಕೂ ಮೊದಲ ಕಣ್ಣು ಬಿಟ್ಟ ಫೋಟೋ ಒಂದು ಆಗಬೇಕು. ನಾಲ್ಕು ದಿನ ಐತಿ."

ಸ್ಟುಡಿಯೋ ಈಗ ನನ್ನ ಮಗಳು ನಡಸತಾಳ. ಮೊದಲನೇ ದಿನ ಇಪ್ಪತ್ತು ತೆಗೆದಳು, ಇಪ್ಪತ್ತರಾಗೂ ನಾ ಧ್ಯಾನಕ್ಕ ಕುಂತಿದ್ದೆ. ಕ್ಯಾಮೆರಾ ಸಪ್ಪಳ ಬಂದ್ ಮಾಡಿ ತೆಗೆದಳು. ಆಕಿ ಬೆರಳು ಅಲುಗಿದ್ದು ನೋಡಿ ಮುಚ್ಚಿದೆ. ಅರವತ್ತು ವರ್ಷ ಗುಂಡಿ ಒತ್ತೂವಾಗ ಕಣ್ಣು ಕಿರಿದು ಮಾಡಿದ ರೂಢಿ, ಎಲ್ಲಿ ಹೋದೀತು?

"ಅಪ್ಪಾ, ನಿಮಗ ಗೊತ್ತಿಲ್ಲದಂಗ ತೆಗದದ್ದು ಒಂದು ಐತಿ" ಅಂತ ಮೊಬೈಲಿನ್ಯಾಗ ತೋರಿಸಿದಳು. ಅದರಾಗ ನಾ ಮಿರ್ಚಿ ಭಜಿ ತಿನ್ನಾಕತ್ತೀನಿ. ಅದಕ್ಕ ಹಾರ ಹಾಕಿದ್ರ ಬಂದವರು ಅಳೂದು ಬಿಟ್ಟು ಭಜಿ ಕೇಳತಾರ.

ಎರಡನೇ ದಿನ ಕಂಪ್ಯೂಟರಿನ್ಯಾಗ ಕಣ್ಣು ಕೂಡಿಸಿದಳು. ಭಾಳ ಚೊಲೋ ಕಣ್ಣು. ಎಲ್ಲೋ ನೋಡೇನಲ್ಲ ಅನಿಸ್ತು.

"ಯಾರ ಕಣ್ಣಬೇ ಇವು?"

"ಸ್ವಾದರ ಮಾವಂದ್ರಿ. ಅವರವ ಸರಿ ಕೂಡಿದವು."

ಅಂದ್ರ ನನ್ನ ಹೆಂಡತಿ ತಮ್ಮ. ಐವತ್ತೈದು ವರ್ಷ ಆಂವ ಬಂದಾಗೊಮ್ಮೆ ನಮ್ಮ ಮನ್ಯಾಗ ಏನೇನ್ ಐತಿ ಅಂತ ಅದೇ ಕಣ್ಣಿಲೆ ನೋಡ್ಯಾನ. ನಾ ಸತ್ತ ಮ್ಯಾಲೂ ನನ್ನ ಮಾರಿಯೊಳಗ ಕುಂತು ನೋಡಬೇಕೇನು? ಅಳಸು ಅಂದೆ.

ಮೂರನೇ ದಿನ ನಾ ಹೆದರಿದೆ. ಆಯಿ ಮಾತು ತಲ್ಯಾಗ ತಿರಗಾಕತ್ತಿತು. ಊಟ ಸೇರಲಿಲ್ಲ. ನಾಲ್ಕನೇ ದಿನ ಮುಂಜಾನೆ ಹೆಂಡತಿ ತಾನ ಸ್ಟುಡಿಯೋಕ್ಕ ಬಂದಳು. ಗೂಟಕ್ಕ ಇದ್ದ ಹಳೇ ಕೋಟು ತಂದು ನನಗ ತೊಡಸಿದಳು, ಹಿಂದ ಲಾಡಿ ಕಟ್ಟಿದಳು. ಮಗಳ ಕಿವಿಯಾಗ ಏನೋ ಅಂದು, ಕ್ಯಾಮೆರಾ ಬಾಜೂಕ ಕೈಕಟ್ಟಿ ನಿಂತಳು.

"ರೀ, ಇತ್ತಾಗ ನೋಡ್ರಿ. ಒಂದು ಮಾತು ಕೇಳತೀನಿ. ನನ್ನ ಮೂರು ಫೋಟೋ ಕೆಡಿಸಿದ್ರೆಲ್ಲಾ, ರೆಪ್ಪಿ ಕಾಯ್ದು ತೆಗದೆ ಅಂತೀರೆಲ್ಲಾ."

"ಹೌದು. ಕೈ ಅಂದ್ರ ಅದು" ಅಂದೆ, ಎದಿ ಉಬ್ಬಿಸಿ.

"ಮೂರೂ ಸಲ ನಾನ ಮುಚ್ಚಿದ್ನಿ" ಅಂದಳು.

ಕ್ಯಾಮೆರಾ ಖಟ್ ಅಂತು.

ನನಗ ಸಪ್ಪಳ ಸೈತ ಕೇಳಲಿಲ್ಲ. ಮಗಳು ನಕ್ಕೋತ ನಕ್ಕೋತ ನೆಲದ ಮ್ಯಾಲ ಕುಂತಿದ್ದಳು.

"ಯಾಕ ಮುಚ್ಚಿದಿ?" ಅಂತ ಕೇಳಿದೆ.

"ನೀವು ಕರಿ ಬಟ್ಟಿಯೊಳಗ ತಲಿ ಹಾಕಿದವರು ಹೊರಗ ಬರಲೇ ಇಲ್ಲ. ಈ ಮನುಷ್ಯಾ ಒಳಗ ಏನ್ ಮಾಡಾಕತ್ತಾನ ಅಂತ ಇನ್ನೊಮ್ಮೆ ಬಂದು ನೋಡಬೇಕು ಅನಿಸ್ತು. ಮತ್ತ ಬರಬೇಕಂದ್ರ ಫೋಟೋ ಕೆಡಬೇಕಲ್ಲ."

"ಇಷ್ಟ ವರ್ಷ ಯಾಕ ಹೇಳಲಿಲ್ಲ?"

"ನೀವು ಅಷ್ಟ ಚಂದ ಹೇಳತಿದ್ರಿ. ಬಂದ ಮಂದಿ ಚಾ ಆರಿಸಿಕೊಂಡು ಕೇಳತಿದ್ರು. ನಾ ಯಾಕ ನಡುವ ಬಾಯಿ ಹಾಕಲಿ?"

ಆ ಫೋಟೋ ಈಗ ಮೊಳಿ ಮ್ಯಾಲ ಐತಿ. ಕೋಟು ಐತಿ, ಗತ್ತು ಐತಿ. ಕಣ್ಣು ಅಂದ್ರ ಆ ಮುಗಳಖೋಡದ ಟಗರಿನ ಕಣ್ಣು, ಎರಡು ಬೆಳ್ಳಿ ರೂಪಾಯಿಯಷ್ಟು ತೆರದಾವ. ಪೆನ್ಸಿಲ್ ಹಚ್ಚಿಲ್ಲ, ಕಂಪ್ಯೂಟರ್ ಹಚ್ಚಿಲ್ಲ. ಮನಿಗೆ ಬಂದವರೆಲ್ಲಾ ಅದರ ಮುಂದ ನಿಂತು ಕೇಳೂದು ಒಂದ ಮಾತು: "ಮಾಸ್ತರ, ಏನ್ ನೋಡಿ ಹಿಂಗ ಕಣ್ಣು ಬಿಟ್ಟೀರಿ?"

ನಾ ಏನರ ಒಂದು ಕಥಿ ಕಟ್ಟಾಕ ಬಾಯಿ ತೆಗಿಯೂದ್ರಾಗ ಅಡಿಗಿಮನಿಯಿಂದ ಹೆಂಡತಿ ದನಿ ಬರತೈತಿ:

"ನನ್ನ ನೋಡ್ಯಾರ. ಇಷ್ಟ ವರ್ಷಕ್ಕ ಮೊದಲನೇ ಸಲ ನೆಟ್ಟಗ ಕಂಡೇನಿ."